ಒಳಗೆ ಮಡಚಿಟ್ಟ ಬಟ್ಟೆ

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸಿಗೆ ಶಾಲೆಯ ಯೂನಿಫಾರ್ಮ್ ಹೊಲಿಯುವುದೆಂದರೆ ನೀರು ಕುಡಿದಷ್ಟು ಸುಲಭ. ಸ್ಕರ್ಟಿನ ಅಂಚಿನಲ್ಲಿ ಒಂದಿಷ್ಟು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದಳು. ಮಗು ಬೆಳೆದ ಹಾಗೆ ಬಿಚ್ಚಿ ಇಳಿಸಿದರಾಯಿತು. ಆದರೆ ಅವಳ ಸ್ವಂತ ಹೆಣ್ಣುಮಕ್ಕಳಿಬ್ಬರೂ ವಯಸ್ಸಿಗೆ ತಕ್ಕಂತೆ ಬೆಳೆಯಲಿಲ್ಲ. ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆ ಎಂದರು ಡಾಕ್ಟರು. ಅಂದಿನಿಂದ ದಿನಾ ಸಂಜೆ ಮೆಷಿನ್ ನಿಲ್ಲಿಸಿ, ಫ್ರಿಜ್ಜಿನಿಂದ ಔಷಧಿ ತೆಗೆದು, ಇಬ್ಬರ ತೊಡೆಗೂ ತಾನೇ ಇಂಜೆಕ್ಷನ್ ಚುಚ್ಚತೊಡಗಿದಳು.

ದೊಡ್ಡವಳು ಚಿಗುರಿಕೊಂಡಳು. ಅವಳ ಸ್ಕರ್ಟನ್ನು ಮತ್ತೆ ಮತ್ತೆ ಇಳಿಸಬೇಕಾಯಿತು. ಚಿಕ್ಕವಳು, ಪುಟ್ಟಿ, ಹೆಚ್ಚುಕಡಿಮೆ ಇದ್ದ ಹಾಗೇ ಇದ್ದಳು. ಟೈಲರಕ್ಕ ಮೊದಲು ಅವಳ ಊಟವನ್ನು ದೂರಿದಳು, ಆಮೇಲೆ ಫ್ರಿಜ್ಜನ್ನು, ಕೊನೆಗೆ ತನ್ನ ಕೈಗುಣವನ್ನೇ. ಅದೇ ಕೈಯಿಂದ ದೊಡ್ಡವಳು ಬೆಳೆದಳಲ್ಲ ಎಂದರೆ ಕೇಳುವವಳೇ ಅವಳು? ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ತಾಯಿಗೆ ನೆಪ ಬೇಕಿಲ್ಲ.

ಒಂದು ಸಂಜೆ ಪುಟ್ಟಿ ತೊಡೆ ಮುಚ್ಚಿಕೊಂಡು, "ನಂಗ್ಯಾಕಮ್ಮ ಸುಮ್ನೆ ಚುಚ್ತೀಯ? ಬೆಳೆಯೋದು ಅಕ್ಕ ಒಬ್ಳೇ ತಾನೆ?" ಎಂದಳು. ಮರುದಿನ ಮಕ್ಕಳು ಆಟಕ್ಕೆ ಹೋದಾಗ ಟೈಲರಕ್ಕ ಪುಟ್ಟಿಯ ಸ್ಕರ್ಟಿನ ಅಂಚು ಬಿಚ್ಚಿ, ಇನ್ನೊಂದು ಬೆರಳಷ್ಟು ಹೆಚ್ಚಿಗೆ ಮಡಚಿ, ಯಾರಿಗೂ ಗೊತ್ತಾಗದ ಹಾಗೆ ಹೊಲಿದಿಟ್ಟಳು.

"ಅಮ್ಮಾ, ಸ್ಕರ್ಟ್ ಗಿಡ್ಡ ಆಗಿದೆ!" ಎಂದು ಪುಟ್ಟಿ ಮನೆ ತುಂಬ ಕುಣಿದಳು. ಇಂಜೆಕ್ಷನ್ನಿಗೆ ತಾನಾಗಿಯೇ ಬಂದು ಕೂರತೊಡಗಿದಳು. ಟೈಲರಕ್ಕ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಡಚಿದಳು.

ಆಸ್ಪತ್ರೆಯಲ್ಲಿ ಎತ್ತರ ನೋಡುವ ದಿನ ಬಂತು. ಅಳತೆಯ ಹಲಗೆಗೆ ಬೆನ್ನು ಕೊಟ್ಟು ನಿಂತ ಪುಟ್ಟಿ, ಹೆಚ್ಚೇನೂ ಬೆಳೆದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಒಪ್ಪಲಿಲ್ಲ. "ಇನ್ನೊಂದ್ಸಲ ನೋಡಿ ಡಾಕ್ಟ್ರೇ. ನನ್ನ ಸ್ಕರ್ಟೇ ಗಿಡ್ಡ ಆಗ್ಬಿಟ್ಟಿದೆ."

ಡಾಕ್ಟರು ತಾಯಿಯ ಮುಖ ನೋಡಿದರು. ಟೈಲರಕ್ಕ ತಲೆ ತಗ್ಗಿಸಿದಳು.

"ಬೆಳೆದಿದ್ದೀಯ ಮರಿ, ಸ್ವಲ್ಪ" ಎಂದು ಡಾಕ್ಟರು ತಾಯಿಯತ್ತ ತಿರುಗಿದರು. "ನೀವೇನೂ ತಪ್ಪು ಮಾಡಿಲ್ಲಮ್ಮ. ಔಷಧಿ ಒಂದೇ ಆದ್ರೂ ಅದನ್ನ ಕೆಲಸಕ್ಕೆ ಹಚ್ಚೋದು ಮೈ. ಅದಕ್ಕೆ ಜೀನ್‌ಗಳೂ ಕಾರಣ. ಒಂದೇ ತಾಯಿ ಮಕ್ಕಳಾದ್ರೂ ಇಬ್ಬರಿಗೂ ಎಲ್ಲಾ ಜೀನ್ ಒಂದೇ ಥರ ಬಂದಿರಲ್ಲ. ಡೋಸ್ ಬದಲಾಯಿಸಿ ನೋಡೋಣ. ಅಕ್ಕನ ಜೊತೆ ಮಾತ್ರ ಹೋಲಿಸ್ಬೇಡಿ."

ಏನೂ ತಪ್ಪು ಮಾಡಿಲ್ಲವೆಂಬ ಆ ಮಾತೇ ಅವಳನ್ನು ಹೆಚ್ಚು ಚುಚ್ಚಿತು.

ಬಸ್ಸಿನಲ್ಲಿ ಪುಟ್ಟಿ ಸ್ಕರ್ಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಡವುತ್ತ ಕೂತಳು. ಹೊಲಿಯುವವಳ ಮಗಳು; ಒಳಗೆ ಎಷ್ಟು ಬಟ್ಟೆಯಿದೆಯೆಂದು ಬೆರಳಿಗೇ ತಿಳಿಯಿತು.

ಸಂಜೆ ಇಂಜೆಕ್ಷನ್ ಹಿಡಿದು ಬಂದ ತಾಯಿಯ ಮುಂದೆ ಸ್ಕರ್ಟು ಬಿದ್ದಿತ್ತು, ಅಂಚೆಲ್ಲ ಬಿಚ್ಚಿ.

"ತಪ್ಪಾಯ್ತು ಕಣೇ" ಎಂದಳು ಟೈಲರಕ್ಕ. ಅಳು ಒತ್ತರಿಸಿ ಬಂತು. ಪುಟ್ಟಿಯೂ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮೆಷಿನ್ ಮೇಲಿದ್ದ ಟೇಪನ್ನು ತಾಯಿಯ ಕೈಗಿತ್ತು ನೆಟ್ಟಗೆ ನಿಂತಳು. "ನನ್ನಳತೆ ತಗೋ. ಇರೋಷ್ಟೇ."

ಟೈಲರಕ್ಕ ಸೊಂಟದಿಂದ ಮೊಣಕಾಲಿನವರೆಗೆ ಟೇಪು ಹಿಡಿದಳು. "ಒಳಗೆ ಒಂಚೂರು ಬಟ್ಟೆ ಬಿಡ್ಲಾ ಪುಟ್ಟಿ?"

ಪುಟ್ಟಿ ಬಿಚ್ಚಿದ ಸ್ಕರ್ಟನ್ನು ಎತ್ತಿ ತಾಯಿಯ ಕೈಗಿಟ್ಟಳು.

"ಬಿಡು. ಆದ್ರೆ ಬಿಚ್ಚೋದು ನಾನು" ಎಂದು ಕೂತು, ಇಂಜೆಕ್ಷನ್ನಿಗೆ ತೊಡೆ ಮುಂದೆ ಮಾಡಿದಳು.