ಫೋನಿನಾಚೆಯ ಗುಜರಿಯವರು

ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹಳೆಯ ಮೋಟಾರ್ ಸೈಕಲ್ಲುಗಳ ಕಾರ್ಬ್ಯುರೇಟರಿಗೆ ಬೇಕಾದ ಹಿತ್ತಾಳೆ ಬಿಡಿಭಾಗಗಳನ್ನು ಲೇತಿನ ಮೇಲೆ ಕಡೆದು ಕೊಡುತ್ತಿದ್ದಳಾದ್ದರಿಂದ ಎಲ್ಲರ ಬಾಯಲ್ಲೂ ಹಿತ್ತಾಳೆ ಅಕ್ಕ. ಬೀದಿ ಕೊನೆಯ ಟೈರ್ ಅಂಗಡಿಯವನು ಹೊಸ ಗಿರಾಕಿಗಳಿಗೆ ದಾರಿ ತೋರಿಸುವಾಗ ಒಂದು ಮಾತು ಸೇರಿಸುತ್ತಿದ್ದ: "ಹಿತ್ತಾಳೆ ಅಕ್ಕ ಅಷ್ಟೇ, ಹಿತ್ತಾಳೆ ಕಿವಿ ಅಲ್ಲ. ನೀವು ಏನೇ ಹೇಳಿ, ಅಳೆದು ನೋಡದೆ ನಂಬೋ ಪೈಕಿ ಅಲ್ಲ."

ಕೆಲಸ ಕಲಿಸಿದವನು ಅವಳ ಅಪ್ಪ. ತಾಯಿ ಬೇಗ ತೀರಿಕೊಂಡಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಎಲ್ಲಿ ಬಿಡುವುದೆಂದು ತೋಚದೆ ಅಪ್ಪ ಇಬ್ಬರನ್ನೂ ವರ್ಕ್‌ಶಾಪಿಗೇ ಕರೆತಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ತಂಗಿಗೆ ಎಣ್ಣೆಯ ವಾಸನೆ ಕಂಡರೆ ವಾಕರಿಕೆ. ಇವಳಿಗೆ ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಹೊಂಬಣ್ಣದ ಚೂರುಗಳನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮುಂದೆ ಮದುವೆಗೆಂದು ಬಂದ ಗಂಡುಗಳು ಅವಳ ಮುಖಕ್ಕಿಂತ ಅಂಗೈಯನ್ನೇ ಹೆಚ್ಚು ನೋಡಿದರು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ತಂಗಿಯ ಮದುವೆಯಾಯಿತು. ಅಪ್ಪ ಹಾಸಿಗೆ ಹಿಡಿದ, ಕೆಲವು ವರ್ಷ ನರಳಿ ಹೋದ. ವರ್ಕ್‌ಶಾಪು, ಅದರ ಹಿಂದಿನ ಒಂದು ಕೋಣೆ, ಸಣ್ಣ ಅಡುಗೆಮನೆ, ಇಷ್ಟರಲ್ಲಿ ಅವಳೊಬ್ಬಳೇ ಉಳಿದಳು.

ಗಿರಾಕಿಗಳಿಗೇನೂ ಕೊರತೆಯಿರಲಿಲ್ಲ. ಅಜ್ಜನ ಕಾಲದ ಮೋಟಾರ್ ಸೈಕಲ್ಲನ್ನು ಮತ್ತೆ ಓಡಿಸುವ ಹುಚ್ಚು ಹಿಡಿದವರು ದೂರದೂರದಿಂದ ಬರುತ್ತಿದ್ದರು. ತಯಾರಿಸಿದ ಕಂಪನಿಗಳೇ ಮುಚ್ಚಿಹೋಗಿದ್ದರಿಂದ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. "ಮುರಿದದ್ದೇ ಆಗಲಿ, ಅರ್ಧವಾದ್ರೂ ತನ್ನಿ, ಉಳಿದರ್ಧ ಹೇಗಿತ್ತು ಅಂತ ಅದೇ ಹೇಳುತ್ತೆ" ಎನ್ನುತ್ತಿದ್ದಳು. ಪೆಟ್ರೋಲು ಬಿಡುವ ಸೂಜಿ, ಅದು ಕೂರುವ ಗುಳಿ, ಕೂದಲೆಳೆಯಷ್ಟು ತೂತಿರುವ ಜೆಟ್ಟು, ಎಲ್ಲವನ್ನೂ ಕಡೆದು ಕೊಡುತ್ತಿದ್ದಳು. ಅವರು ತಗೊಂಡು ಹೋಗುತ್ತಿದ್ದರು. ಆ ಗಾಡಿಗಳು ಎಲ್ಲೋ ಗುಡುಗುಡು ಎನ್ನುತ್ತಿದ್ದವು. ಅವಳ ಬಾಗಿಲಿಗೆ ಮಾತ್ರ ಬಿಚ್ಚಿದ ಚೂರುಗಳೇ ಬರುತ್ತಿದ್ದವು.

ಗುಜರಿಯವರ ಪರಿಚಯವಾದದ್ದು ಕೆಲಸದ ನೆಪದಲ್ಲೇ. ಯಾವುದೋ ಅಪರೂಪದ ಸೂಜಿಯ ಮಾದರಿ ಬೇಕಾಗಿತ್ತು. ಇನ್ನೊಂದು ಊರಿನಲ್ಲಿ ಹಳೆಯ ಗಾಡಿಗಳ ಗುಜರಿ ಇಟ್ಟವರೊಬ್ಬರಿದ್ದಾರೆಂದು ಯಾರೋ ನಂಬರು ಕೊಟ್ಟರು.

"ಫೋನು ಯಜಮಾನ್ರಿಗೆ ಕೊಡಮ್ಮ" ಎಂದರು ಅವರು.

"ಯಜಮಾನಿ ನಾನೇ. ಯಜಮಾನ್ರು ಬೇಕಾದ್ರೆ ನೀವೇ ಹುಡುಕಿಕೊಡಬೇಕು, ಗುಜರೀಲಿ ಇದ್ರೆ."

ಆ ಕಡೆ ಹೊಟ್ಟೆಯಾಳದಿಂದ ಎದ್ದ ನಗು, ಅದರ ಬಾಲ ಹಿಡಿದು ಬಂದ ಕೆಮ್ಮು.

ಸೂಜಿ ಪಾರ್ಸೆಲ್ಲಿನಲ್ಲಿ ಬಂತು. ಮರುವಾರ ಇನ್ನೊಂದು ಬೇಕಾಯಿತು. ಬರಬರುತ್ತ ಮಧ್ಯಾಹ್ನದ ಊಟ ಮುಗಿಸಿ ಅವಳು ಲೇತಿನ ಪಕ್ಕದ ಸ್ಟೂಲಿನಲ್ಲಿ ಕೂತರೆ ಫೋನು ಬಡಿದುಕೊಳ್ಳುವುದು ವಾಡಿಕೆಯಾಯಿತು. ಕಾರ್ಬ್ಯುರೇಟರಿನ ಒಡಲು ಎರಕದ್ದು, ಕಡೆಯಲು ಬರುವುದಿಲ್ಲ, ಹುಡುಕಲೇಬೇಕು. ಸಿಕ್ಕಿದ್ದರಲ್ಲಿ ಬಿರುಕಿದ್ದರೆ ದಂಡ. ಅದಕ್ಕೆ ಅವಳೇ ಒಂದು ಉಪಾಯ ಹೇಳಿಕೊಟ್ಟಿದ್ದಳು. ಅವರು ಅದನ್ನು ದಾರಕ್ಕೆ ಕಟ್ಟಿ, ಫೋನಿನ ಹತ್ತಿರ ಹಿಡಿದು, ಚಮಚದಿಂದ ಬಡಿಯಬೇಕು. ಗಂಟೆಯ ಹಾಗೆ ನಾದ ಹೊರಟರೆ ಗಟ್ಟಿ. ಲೊಟ್ಟೆಂದರೆ ಬಿರುಕು.

"ಇದು?"

"ಲೊಟ್ಟೆ."

"ಇದು?"

"ಇದು ಹಾಡ್ತಿದೆ. ಕಳಿಸಿ."

ಹಿತ್ತಾಳೆ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಅವರ ಮೊಣಕಾಲು ನೋವು, ಗುಜರಿಯೊಳಗೆ ಮರಿ ಹಾಕಿದ ನಾಯಿ, ತೀರಿಹೋದ ಹೆಂಡತಿ ಚಹಾಕ್ಕೆ ಸಕ್ಕರೆ ಹಾಕಲು ಮರೆಯುತ್ತಿದ್ದದ್ದು, ಇವಳ ಮಾಡಿನ ಹೆಂಚು ಸೋರುವುದು. ಒಮ್ಮೆ ಅವರು ಕೇಳಿದರು, "ಒಂದು ಸಲ ಬನ್ನಿ. ಗುಜರೀಲಿ ಏನೇನಿದೆ ಅಂತ ನನಗೇ ಗೊತ್ತಿಲ್ಲ. ಇಬ್ಬರೂ ಸೇರಿ ಹುಡುಕೋಣ."

"ಮಳೆ ಕಳೀಲಿ, ನೋಡೋಣ" ಎಂದಳು ಇವಳು. ಮಳೆ ಕಳೆಯಿತು. ಇನ್ನೊಂದು ಮಳೆಯೂ ಕಳೆಯಿತು. ಅವರು ಮತ್ತೆ ಕೇಳಲಿಲ್ಲ, ಇವಳು ತಾನಾಗಿ ಆ ಮಾತೆತ್ತಲಿಲ್ಲ. ಎತ್ತಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು.

ಮುಂದಿನ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರು ತನ್ನ ಮೋಟಾರ್ ಸೈಕಲ್ಲಿಗೆ ಕಾರ್ಬ್ಯುರೇಟರ್ ಒಡಲು ಬೇಕೆಂದು ಬೆನ್ನು ಬಿದ್ದಿದ್ದ. ಗುಜರಿಯವರಿಗೆ ಹೇಳಿದಳು. "ಇರೋ ಹಾಗಿದೆ, ಕೆದಕಿ ನೋಡ್ತೀನಿ" ಎಂದರು. ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವಳೇ ಮಾಡಿದರೆ ಗಂಟೆ ಹೊಡೆದು ಹೊಡೆದು ಸುಮ್ಮನಾಗುತ್ತಿತ್ತು. ಕೊನೆಗೆ ಅದೂ ನಿಂತಿತು.

"ಎಲ್ಲಿಗೆ ಹೊರಟೆ?" ಎಂದು ತಂಗಿ ಫೋನಿನಲ್ಲಿ ಕೇಳಿದ್ದಕ್ಕೆ, "ಸಾಮಾನು ತರೋಕೆ" ಎಂದಳು. ಅದು ಸುಳ್ಳೂ ಅಲ್ಲ. ಆದರೂ ಬಸ್ಸಿನಲ್ಲಿ ಕೂತು ಕರವಸ್ತ್ರದ ತುದಿಯಿಂದ ಉಗುರಿನ ಸಂದಿಗಳನ್ನು ತಿಕ್ಕುತ್ತಲೇ ಇದ್ದಳು.

ಗುಜರಿ ಎಂದರೆ ತಗಡಿನ ಬೇಲಿ ಹಾಕಿದ ಉದ್ದನೆಯ ಅಂಗಳ. ಒಳಗೆ ತುಕ್ಕಿನ ರಾಶಿಗಳು. ಗೇಟಿನ ಬಳಿ ನಿಂತ ಲಾರಿಗೆ ಇಬ್ಬರು ಆಳುಗಳು ಬುಟ್ಟಿಬುಟ್ಟಿಯಾಗಿ ಸಾಮಾನು ಸುರಿಯುತ್ತಿದ್ದರು. ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದ ಹೆಂಗಸು ಗುಜರಿಯವರ ಸೊಸೆ.

"ಮಾವನಿಗೆ ಲಕ್ವ ಹೊಡೀತು. ಬಲಗಡೆ ಪೂರ್ತಿ ಹೋಗಿದೆ. ಮಾತೂ ನಿಂತುಹೋಯ್ತು" ಎಂದಳು ಸೊಸೆ. "ಜಾಗದವರು ಖಾಲಿ ಮಾಡಿ ಅಂತಿದ್ದಾರೆ, ಅದಕ್ಕೇ ಎಲ್ಲ ಕರಗಿಸೋಕೆ ಕಳಿಸ್ತಿದ್ದೀವಿ. ನೀವ್ಯಾರು?"

"ಹಿತ್ತಾಳೆ ಕೆಲಸ ಮಾಡ್ತೀನಿ. ಫೋನಲ್ಲಿ ಮಾತಾಡ್ತಿದ್ವಿ."

ಸೊಸೆಯ ಮುಖ ಅರಳಿತು. "ಓ, ಹಿತ್ತಾಳೆಯವರ ಮನೆಯಿಂದಾ? ಅವರು ಬರಲಿಲ್ವಾ? ಮಾವನಿಗೆ ದಿನಾ ಅವರದ್ದೇ ಜಪ. ಹಿತ್ತಾಳೆಯವರು ಹೀಗಂದ್ರು, ಹಿತ್ತಾಳೆಯವರು ಹಾಗಂದ್ರು. ನಿಮ್ಮ ಯಜಮಾನ್ರಾ ಅವರು?"

"ಆ ಹಿತ್ತಾಳೆಯವರು ನಾನೇ" ಎಂದಳು ಅವಳು.

ಸೊಸೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಡುಕೇನೂ ಇರದ ನೋಟ, ಬರೀ ಬೆರಗು. "ನಾವು ಯಾರೋ ಗಂಡಸರು ಅಂದ್ಕೊಂಡಿದ್ವಿ" ಎಂದು ಅಂಗಳಕ್ಕೆ ಅಂಟಿದ ಮನೆಯೊಳಗೆ ಕರೆದುಕೊಂಡು ಹೋದಳು.

ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದವರು ಸಣ್ಣ ಆಳು. ಆ ದನಿಗೆ ಅವಳು ಎತ್ತರದ, ಅಗಲ ಭುಜದ ಒಬ್ಬರನ್ನು ಹೊಂದಿಸಿಕೊಂಡಿದ್ದಳು. ಇವರಿಗೆ ದೊಡ್ಡ ಕಿವಿ, ತೆಳ್ಳನೆಯ ಕತ್ತು, ಒಂದು ಕಡೆಗೆ ಜೋತ ತುಟಿ. ಯಾರೋ ನೆಂಟರು ಬಂದರೆಂಬಂತೆ ಸುಮ್ಮನೆ ನೋಡಿದರು.

"ನಾನು, ಹಿತ್ತಾಳೆ" ಎಂದಳು.

ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆಯೇನೋ ಎಂದು ಅವಳು ಮಾತು ನಿಲ್ಲಿಸಿದಳು. ಆಗ ಕಣ್ಣು ತೆರೆದು, ಎದುರಿಗಿದ್ದ ಅಪರಿಚಿತ ಹೆಂಗಸಿನ ಮುಖ ಕಂಡು ಗಲಿಬಿಲಿಗೊಂಡರು. ಅವಳಿಗೆ ಅರ್ಥವಾಯಿತು. ಅವರಿಗೆ ಗೊತ್ತಿದ್ದದ್ದು ದನಿ. ಮುಖ ನಡುವೆ ಬಂದರೆ ದನಿ ತಪ್ಪಿಹೋಗುತ್ತಿತ್ತು. ಅವಳು ಕುರ್ಚಿಯನ್ನು ಅವರ ಹಿಂದಕ್ಕೆ ಎಳೆದುಕೊಂಡು, ಕಿವಿಯ ಹತ್ತಿರ ಕೂತು ಮಾತಾಡತೊಡಗಿದಳು. ಹೆಂಚು ಇನ್ನೂ ಸೋರುತ್ತಿದೆ, ಡ್ರೈವರಣ್ಣ ತಲೆ ತಿನ್ನುತ್ತಿದ್ದಾನೆ, ನಾಯಿಮರಿಗಳೆಲ್ಲ ಎಲ್ಲಿ, ಗೇಟಿನಲ್ಲಿ ಒಂದೂ ಕಾಣಲಿಲ್ಲ. ಅವರ ಎಡಗೈ ಮೆಲ್ಲಗೆ ಕುರ್ಚಿಯ ತೋಳನ್ನು ತಟ್ಟುತ್ತಿತ್ತು.

ಹೊರಗೆ ಲಾರಿಗೆ ಸಾಮಾನು ಬೀಳುವ ಸದ್ದು ನಿಂತಿರಲಿಲ್ಲ. ಅವಳು ಎದ್ದು ಅಂಗಳಕ್ಕೆ ಹೋಗಿ, ಲಾರಿಯವರನ್ನು ಒಂದಿಷ್ಟು ತಡೆಯಲು ಸೊಸೆಯನ್ನು ಕೇಳಿಕೊಂಡಳು. ರಾಶಿಯಲ್ಲಿ ಕೈಯಾಡಿಸಿ ಕಾರ್ಬ್ಯುರೇಟರುಗಳನ್ನು ಹೆಕ್ಕಿ ಮಡಿಲ ತುಂಬ ತಂದಳು. ಒಂದೊಂದನ್ನೇ ದಾರಕ್ಕೆ ಕಟ್ಟಿ ಅವರ ಕಿವಿಯ ಪಕ್ಕ ಹಿಡಿದು ಚಮಚದಿಂದ ಬಡಿದಳು. ಲೊಟ್ಟೆಂದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. ನಾದ ಹೊರಟರೆ ಎಡಗೈಯ ಬೆರಳು ಮೇಲೇಳುತ್ತಿತ್ತು. ಒಮ್ಮೆ ಅವಳಿಗೆ ಗಟ್ಟಿ ಎನಿಸಿದ್ದಕ್ಕೆ ಅವರು ಬೆರಳು ಎತ್ತಲೇ ಇಲ್ಲ. ಬೆಳಕಿಗೆ ಹಿಡಿದು ನೋಡಿದರೆ ಹೊರಚಾಚಿದ ಅಂಚಿನ ಮೂಲೆಯಲ್ಲಿ ಕೂದಲಿನಂಥ ಸೀಳು.

"ನನ್ನ ಕಿವೀನೇ ಹಿತ್ತಾಳೆ ಆಯ್ತಲ್ಲ ಇವತ್ತು" ಎಂದಳು. ಅವರ ಎದೆ ಕುಲುಕಿತು. ನಗುವೇ ಇರಬೇಕು. ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎರಡು ಕೈಗಳಲ್ಲಿ ಎತ್ತುವಷ್ಟು ಆರಿಸಿಕೊಂಡು ಅವಳು ಹೊರಟಾಗ ಲಾರಿ ಮತ್ತೆ ತುಂಬತೊಡಗಿತ್ತು. ಬಸ್ಸಿನಲ್ಲಿ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ಒಂದೇ ಯೋಚನೆ ಕೊರೆಯುತ್ತಿತ್ತು. ಮನೆಯಲ್ಲಿ ಅವರು ತನ್ನನ್ನು "ಹಿತ್ತಾಳೆಯವರು" ಅನ್ನುತ್ತಿದ್ದರಂತೆ. ಹೆಣ್ಣೋ ಗಂಡೋ ಆ ಮಾತಿನಲ್ಲಿ ತಿಳಿಯುವುದಿಲ್ಲ. ಗೌರವಕ್ಕೆ ಹಾಗೆ ಅಂದರೇ, ಮನೆಯವರಿಂದ ಮುಚ್ಚಿಡಲು ಹಾಗೆ ಅಂದರೇ? ಮುಚ್ಚಿಡುವಂಥದ್ದು ಏನಿತ್ತು? ಇತ್ತೆಂದು ಅವರಿಗೂ ಅನಿಸಿತ್ತೇ? ಕೇಳಬಹುದಾಗಿದ್ದ ದಿನಗಳಲ್ಲಿ ಈ ಪ್ರಶ್ನೆ ಹುಟ್ಟಿರಲಿಲ್ಲ. ಈಗ ಹುಟ್ಟಿದೆ, ಉತ್ತರಿಸುವ ಬಾಯಿ ಇಲ್ಲ.

ಡ್ರೈವರನ ಗಾಡಿ ಓಡಿತು. ತೋರಿಸಲೆಂದು ಅವನು ಅದನ್ನು ಬಾಗಿಲಿಗೇ ತಂದು ನಿಲ್ಲಿಸಿ, "ಕೇಳಿ ಅಕ್ಕ, ಹೆಂಗೆ ಹಾಡ್ತಿದೆ!" ಎಂದ. ಅವಳು ಸ್ಕ್ರೂ ಒಂದಿಷ್ಟು ತಿರುಗಿಸಿ ಸದ್ದನ್ನು ಹದಕ್ಕೆ ತಂದಳು. ಇದನ್ನು ಮಧ್ಯಾಹ್ನ ಹೇಳಬೇಕು ಎಂದುಕೊಂಡಳು.

ಹೇಳಿದಳು ಕೂಡ. ಸೊಸೆ ಒಳ್ಳೆಯವಳು. ಊಟದ ನಂತರ ತನ್ನ ಫೋನನ್ನು ಮಾವನ ಕಿವಿಗೆ ಹಿಡಿಯುತ್ತಿದ್ದಳು. ಇವಳು ಮಾತಾಡುತ್ತಿದ್ದಳು, ಆ ಕಡೆಯಿಂದ ಉಸಿರು ಮಾತ್ರ. ಒಮ್ಮೊಮ್ಮೆ ಹೇಳಲು ಏನೂ ಇಲ್ಲದಾಗ ಫೋನನ್ನು ಲೇತಿನ ಪಕ್ಕ ಇಟ್ಟು ಕೆಲಸ ಮುಂದುವರಿಸುತ್ತಿದ್ದಳು. ಅವರು ಅದನ್ನೂ ಕೇಳುತ್ತಾರೆಂದು ಸೊಸೆ ಹೇಳಿದಳು.

ಚಳಿ ಶುರುವಾದಾಗ ಹತ್ತು ಹದಿನೈದು ದಿನ ಆ ಕಡೆ ಯಾರೂ ಫೋನು ಎತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಸೊಸೆ ಎತ್ತಿ, "ಇನ್ನು ಬೇಡ ಅಕ್ಕ" ಎಂದಳು. ಅವರು ಹೋಗಿ ವಾರವಾಗಿತ್ತಂತೆ. ಅದಕ್ಕೂ ಮುಂಚೆ ಕೆಲವು ದಿನ ಆಸ್ಪತ್ರೆ. ಗಡಿಬಿಡಿಯಲ್ಲಿ ಯಾರ್ಯಾರಿಗೆ ತಿಳಿಸಬೇಕೆಂದು ಹೊಳೆಯಲಿಲ್ಲ, ತಪ್ಪು ತಿಳೀಬೇಡಿ ಎಂದಳು. ತಪ್ಪು ತಿಳಿಯಲು ಇವಳು ಯಾರು? ನೆಂಟಳಲ್ಲ, ಊರಿನವಳಲ್ಲ. ಆ ಮನೆಯ ದುಃಖದಲ್ಲಿ ಅವಳು ಕೂರಬಹುದಾದ ಜಾಗವೇ ಇರಲಿಲ್ಲ.

ಭಾನುವಾರ ತಂಗಿಯ ಮನೆಯಲ್ಲಿ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದಳು.

"ಯಾಕೆ, ಏನಾಯ್ತು?" ಎಂದಳು ತಂಗಿ.

"ಒಬ್ಬರು ತೀರಿಕೊಂಡ್ರು."

"ಯಾರು?"

"ಸಾಮಾನು ಕಳಿಸ್ತಿದ್ದವರು."

"ಅಯ್ಯೋ ಪಾಪ! ಇನ್ನು ನಿನಗೆ ಸಾಮಾನು ಯಾರು ಕಳಿಸ್ತಾರೆ?" ಎಂದು ತಂಗಿ ನಿಜವಾಗಿಯೂ ಮರುಗಿದಳು, ಅನ್ನ ಬಡಿಸಿದಳು. ಹಿತ್ತಾಳೆ ಅಕ್ಕ ಉಂಡಳು.

ಈಗಲೂ ಗಿರಾಕಿಗಳು ಬರುತ್ತಾರೆ. ಎರಕದ ಒಡಲು ಬೇಕಾದರೆ ಬೇರೆ ಬೇರೆ ಊರಿನ ಗುಜರಿಗಳನ್ನು ಅವಳೇ ಸುತ್ತಿ ತರುತ್ತಾಳೆ. ಯಾರೂ ಬನ್ನಿ ಎಂದು ಕರೆಯಬೇಕಿಲ್ಲ, ಬಸ್ಸು ಸಿಕ್ಕರೆ ಸಾಕು, ಮಳೆಯಿರಲಿ ಬಿಸಿಲಿರಲಿ. ಮಧ್ಯಾಹ್ನದ ಊಟವಾದ ಮೇಲೆ ಮಾತ್ರ ಅವಳಿಗೆ ಫೋನು ಮಾಡಿ ಪ್ರಯೋಜನವಿಲ್ಲ. ಆ ಹೊತ್ತಿಗೆ ಅವಳು ಲೇತು ಓಡಿಸುತ್ತಿರುತ್ತಾಳೆ, ಗಂಟೆ ಕೇಳಿಸುವುದಿಲ್ಲ.