ಕೊನೆಯನ್ನು ಅಳಿಸುತ್ತಿದ್ದ ಅಕ್ಕ

ಆ ಮೂಕರ್ಜಿ ಬರೆದವನು ನಾನೆಂದು ಅವರಿಗೆ ಗೊತ್ತಿತ್ತೇ? ಗೊತ್ತಿದ್ದರೆ ಇಷ್ಟು ವರ್ಷ ಯಾವ ಬದಲಾವಣೆಯೂ ಇಲ್ಲದ ಮುಖದಿಂದ ನನಗೆ ಕಾದಂಬರಿಗಳನ್ನು ಎತ್ತಿಕೊಟ್ಟದ್ದು ಹೇಗೆ? ಗೊತ್ತಿರಲಿಲ್ಲವೆಂದರೆ, ಆ ಒಂದು ಸಾಲನ್ನು ಅಳಿಸದೆ ಬಿಟ್ಟದ್ದೇಕೆ? ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದ ದಿನದಿಂದ ಈ ಪ್ರಶ್ನೆಗಳೇ ಎದುರು ಬಂದು ಕೂರುತ್ತವೆ.

ನಮ್ಮ ಸಾರ್ವಜನಿಕ ಗ್ರಂಥಾಲಯದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಗ್ರಂಥಪಾಲಕಿಯವರನ್ನು ಓದುಗರೆಲ್ಲ ಅಕ್ಕ ಎಂದೇ ಕರೆಯುತ್ತಾರೆ. ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಕಾಯುವುದೇ ಗ್ರಂಥಪಾಲನೆ ಎಂದು ತಿಳಿದವರ ನಡುವೆ, ಇಲ್ಲಿನ ಪ್ರತಿಯೊಂದು ಪ್ರೇಮ ಕಾದಂಬರಿಯನ್ನೂ ಐತಿಹಾಸಿಕ ಕಾದಂಬರಿಯನ್ನೂ ಸ್ವತಃ ಓದಿ, ಎದುರು ನಿಂತವರ ಮುಖ ನೋಡಿಯೇ ಯಾರಿಗೆ ಯಾವುದು ಹಿಡಿಸೀತೆಂದು ಹೇಳಬಲ್ಲವರು ಅವರೊಬ್ಬರೇ. ನಿವೃತ್ತ ಪೋಸ್ಟ್‌ಮ್ಯಾನ್ ತಾತನಿಗೆ ಕೋಟೆಯ ಮುತ್ತಿಗೆ ಬೇಕು. ಹೊಲಿಗೆ ಟೀಚರಿಗೆ ನಲವತ್ತರ ಮೇಲೆ ಕೂಡಿಬರುವ ಮದುವೆ ಬೇಕು. ಇಬ್ಬರೂ ಬಾಯಿ ಬಿಡುವ ಮೊದಲೇ ಪುಸ್ತಕ ಮೇಜಿನ ಮೇಲಿರುತ್ತಿತ್ತು.

ಹದಿನೆಂಟು ವರ್ಷಗಳ ಹಿಂದೆ, ಪದವಿ ಮುಗಿಸಿ ಕೆಲಸವಿಲ್ಲದೆ, ನಾನು ಅಲ್ಲಿನ ಕಿಟಕಿಯ ಪಕ್ಕದ ಕುರ್ಚಿ ಹಿಡಿದವನು. ಮೇಲೆ ಪರೀಕ್ಷೆಯ ಗೈಡು, ಅದರ ಮರೆಯಲ್ಲಿ ಕಾದಂಬರಿ. ಐತಿಹಾಸಿಕವಾದರೆ ಧೈರ್ಯವಾಗಿ ಹಿಡಿಯುತ್ತಿದ್ದೆ, ಪ್ರೇಮಕಥೆಯಾದರೆ ರಟ್ಟಿಗೆ ಪೇಪರು ಸುತ್ತುತ್ತಿದ್ದೆ. ಮಾತು ಕಡಿಮೆ, ಸಂಶಯ ಹೆಚ್ಚು. ಹೊಸ ಕಾದಂಬರಿಯೊಂದು ಮೊದಲ ಓದುಗರಿಂದ ವಾಪಸಾಗಿದೆ ಎಂದು ರಿಜಿಸ್ಟರು ಹೇಳುತ್ತಿತ್ತು. ಕಪಾಟಿನಲ್ಲಿ ಮಾತ್ರ ಅದು ಇರುತ್ತಿರಲಿಲ್ಲ. ಚೀಟಿ ಬರೆದುಕೊಟ್ಟರೆ, ಮುಂದಿನ ವಾರ ಬಾ ಎನ್ನುತ್ತಿದ್ದರು. ಹೀಗೆ ಐದು ಪುಸ್ತಕಗಳಾದವು. ಒಂದು ದಿನ ಮೊಹರು ತೆಗೆಯಲೆಂದು ಅವರು ಡ್ರಾಯರು ಎಳೆದಾಗ ಐದೂ ಅಲ್ಲಿದ್ದವು. ಒಂದನ್ನು ಅರ್ಧ ಓದಿ ಬೋರಲು ಹಾಕಿದ್ದರು.

ಊರಿನ ಪುಸ್ತಕಗಳನ್ನು ಸ್ವಂತದ್ದು ಮಾಡಿಕೊಂಡಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ, ಸಹಿ ಹಾಕದೆ, ಐದೂ ಪುಸ್ತಕಗಳ ಹೆಸರು ಸಮೇತ ಗ್ರಂಥಾಲಯದ ಸಮಿತಿಗೆ ದೂರು ಬರೆದೆ. ಹೆಸರುಗಳನ್ನು ನಾನು ಕೇಳಿದ ಕ್ರಮದಲ್ಲೇ ಪಟ್ಟಿ ಮಾಡಿದ್ದೆನೆಂಬುದು ಹೊಳೆದದ್ದು ಬಹಳ ತಡವಾಗಿ. ನನ್ನ ಐದು ಚೀಟಿಗಳು ಅವರ ಮೇಜಿನ ತಂತಿಗೆ ಅದೇ ಕ್ರಮದಲ್ಲಿ ಚುಚ್ಚಿಕೊಂಡಿದ್ದವು.

ಸಮಿತಿಯವರು ಓದುಗರ ಎದುರಿಗೇ ಡ್ರಾಯರು ತೆಗೆಸಿದರು. ಅಕ್ಕ ದೂರಿನ ಪತ್ರವನ್ನು ಎರಡು ಸಲ ಓದಿ, ಮಡಚಿ, ಹಿಂದಕ್ಕೆ ಕೊಟ್ಟರು. ಯಾರ ಮೇಲಾದರೂ ಅನುಮಾನವೇ ಎಂದು ಕಾರ್ಯದರ್ಶಿಗಳು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದರು. ಆಗ ಅವರ ಕೈ ಆ ತಂತಿಯ ಮೇಲಿತ್ತು. ಸುಮ್ಮನೆ ಇಟ್ಟುಕೊಂಡಿದ್ದರೇ, ಇಲ್ಲವೇ ಚೀಟಿಗಳನ್ನು ಮುಚ್ಚಿದ್ದರೇ, ಇಂದಿಗೂ ತಿಳಿಯದು. ಹನ್ನೊಂದು ತಿಂಗಳು ಅವರನ್ನು ಹಿಂದಿನ ಕೋಣೆಗೆ, ಹಳೆಯ ಪತ್ರಿಕೆಗಳ ಕಟ್ಟು ಕಟ್ಟಲು ಹಾಕಿದರು.

ಅವರ ಜಾಗಕ್ಕೆ ಬಂದವರು ಕೇಳಿದ ತಕ್ಷಣ ಪುಸ್ತಕ ಕೊಡುತ್ತಿದ್ದರು. ಗೆದ್ದೆನೆಂದುಕೊಂಡು ಮನೆಗೊಯ್ದು ಬಿಚ್ಚಿದರೆ, ಮೊದಲ ಪುಟದಲ್ಲೇ ಓರೆ ಅಕ್ಷರದ ಪೆನ್ಸಿಲಿನ ಸಾಲು: ನಾಯಕ ತಿರುಗಿ ಬರುವುದಿಲ್ಲ. ಬರಲೂ ಇಲ್ಲ. ಮುಂದಿನ ಪುಸ್ತಕದಲ್ಲೂ ಅದೇ ಕೈ, ಅದೇ ಕೇಡು. ಯಾರೋ ಓದುಗರಿಗೆ ಕೊನೆಯನ್ನು ಮೊದಲೇ ಬರೆದಿಡುವ ಚಟ. ಅಕ್ಕ ಇದ್ದಾಗ ಇವನ್ನೆಲ್ಲ ಓದಿ ನೋಡಿ ಒರೆಸುತ್ತಿದ್ದರು ಎಂದು ಪೋಸ್ಟ್‌ಮ್ಯಾನ್ ತಾತ ಗೊಣಗಿದರು. ಆದರೂ ನನ್ನನ್ನು ಸಂಶಯ ಬಿಡಲಿಲ್ಲ. ಒರೆಸುವುದಕ್ಕೆ ಪೂರ್ತಿ ಓದುವುದೇಕೆ? ಹಿಂದಿನ ಕೋಣೆಗೇ ಹೋಗಿ ಕೇಳಿದೆ.

“ಎಲ್ಲಾ ಒರೆಸಲ್ಲಪ್ಪ,” ಎಂದರು, ದಾರಕ್ಕೆ ಗಂಟು ಹಾಕುತ್ತಲೇ. “ನಿಜ ಬರ್ದಿದ್ರೆ ಮಾತ್ರ ಒರೆಸ್ತೀನಿ. ಸುಳ್ಳು ಬರ್ದಿದ್ರೆ ಹಾಗೇ ಬಿಡ್ತೀನಿ, ಓದೋರು ಚೆನ್ನಾಗಿ ಮೋಸ ಹೋಗ್ಲಿ. ಯಾವ್ದು ನಿಜ ಅಂತ ಗೊತ್ತಾಗೋಕೆ ಕೊನೇವರೆಗೂ ಓದ್ಬೇಕಲ್ಲ.”

ಇದನ್ನು ಸಮಿತಿಗೆ ಏಕೆ ಹೇಳಲಿಲ್ಲ ಎಂದೆ.

“ಕೆಲಸದ ಹೊತ್ತಲ್ಲಿ ಕಾದಂಬರಿ ಓದಿದ್ದು ನಿಜ ತಾನೆ? ಖುಷಿಯಾಗೇ ಓದಿದ್ದು. ದೂರು ಬರ್ದೋರು ಸುಳ್ಳೇನೂ ಬರ್ದಿಲ್ಲ.”

ಅವರನ್ನು ಮರಳಿ ಕರೆಸಬೇಕೆಂದು ಹೊಲಿಗೆ ಟೀಚರು ಮನವಿ ಬರೆದರು. ಅದಕ್ಕೆ ಮೊದಲ ಸಹಿ ನನ್ನದು, ಬಲಗೈಯದು.

ಅಕ್ಕ ಹಿಂತಿರುಗಿದ ವರ್ಷವೇ ನನಗೆ ಉದ್ಯೋಗದ ಸಂದರ್ಶನಕ್ಕೆ ಕರೆ ಬಂತು. ರೈಲಿನಲ್ಲಿ ಗೈಡು ಓದಬೇಡ, ಗಾಬರಿ ಹೆಚ್ಚುತ್ತೆ ಎಂದು ಹೇಳಿ, ನಿಯಮ ಮೀರಿ, ಹೊರಗೆ ಕೊಡುವಂತಿಲ್ಲದ ದಪ್ಪ ಐತಿಹಾಸಿಕ ಕಾದಂಬರಿಯೊಂದನ್ನು ನನ್ನ ಚೀಲಕ್ಕೆ ತುರುಕಿದರು. ತಾವು ಅದನ್ನು ಎರಡು ಸಲ ಓದಿರುವುದಾಗಿಯೂ ಹೇಳಿದರು. ರೈಲು ಹೊರಟ ಮೇಲೆ ತೆರೆದೆ. ಮೊದಲ ಪುಟದಲ್ಲಿ ಅದೇ ಓರೆ ಅಕ್ಷರ: ಓಲೆ ಬರೆದವನು ಯಾರೆಂದು ರಾಣಿಗೆ ಮೊದಲಿನಿಂದಲೂ ಗೊತ್ತು.

ಅಕ್ಕ ಒರೆಸಿಲ್ಲ, ಅಂದಮೇಲೆ ಸುಳ್ಳಿರಬೇಕು. ಸುಳ್ಳೇ ಆಗಿರಲೆಂದು ಹಾರೈಸುತ್ತ ಆರುನೂರು ಪುಟಗಳನ್ನು ಓದಿದೆ. ಮಂತ್ರಿಯ ಮೇಲೆ, ದಾಸಿಯ ಮೇಲೆ, ಕೊನೆಗೆ ರಾಣಿಯ ನಗುವಿನ ಮೇಲೂ ಅನುಮಾನಪಟ್ಟೆ. ಕೊನೆಯ ಅಧ್ಯಾಯದಲ್ಲಿ ರಾಣಿ ತನ್ನ ವಿರುದ್ಧ ಹೆಸರಿಲ್ಲದ ಆ ಓಲೆ ಬರೆದವನಿಗೇ ಮುದ್ರೆಯುಂಗುರವನ್ನು ಒಪ್ಪಿಸುತ್ತಾಳೆ. ಅವಳಿಗೆ ಗೊತ್ತಿತ್ತು. ಸಾಲು ನಿಜವಾಗಿತ್ತು.

ಕೆಲಸ ಸಿಕ್ಕಿತು. ಪುಸ್ತಕ ಹಿಂತಿರುಗಿಸಿದಾಗ ಕೊನೆ ಹೇಗಿತ್ತೆಂದು ಅವರು ಕೇಳಿದರು. ಮೊದಲೇ ಗೊತ್ತಾಗಿಬಿಟ್ಟಿತ್ತು ಎಂದೆ.

“ಆದ್ರೂ ಪೂರ್ತಿ ಓದಿದ್ಯಲ್ಲ,” ಎಂದು ಮೊಹರು ಒತ್ತಿದರು.

ಆ ಸಾಲು ಈಗಲೂ ಅಲ್ಲಿದೆ. ಕಳೆದ ವಾರವೂ ಹೋಗಿ ನೋಡಿದೆ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ರಬ್ಬರು ಹಿಡಿದು ಕೂರಲು ಅಕ್ಕ ಅನುಮತಿ ಕೇಳಿದ್ದಾರೆಂದು ತಿಳಿಯಿತು. ಕೆಲಸದ ಹೊತ್ತೆಂಬ ಆಕ್ಷೇಪಕ್ಕೆ ಇನ್ನು ಎಡೆಯಿಲ್ಲ. ಅವರ ಕಣ್ಣುಗಳು ಬಹುಕಾಲ ಚೆನ್ನಾಗಿರಲಿ, ಓದದ ಪ್ರೇಮಕಥೆಗಳೂ ಮುಗಿಯದ ರಾಜವಂಶಗಳೂ ಅವರಿಗಾಗಿ ಬರುತ್ತಲೇ ಇರಲಿ, ಯಾರ ಕೊನೆಯೂ ಕೆಡದಂತೆ ಅವರು ಇನ್ನೂ ಅನೇಕ ವರ್ಷ ಕಾಯುವಂತಾಗಲಿ.

ಆ ದೂರು ನನ್ನದು, ತಪ್ಪಾಯಿತು ಎಂದು ಈ ಹದಿನೆಂಟು ವರ್ಷಗಳಲ್ಲಿ ನಾನು ಅವರಿಗೆ ಒಮ್ಮೆಯೂ ಹೇಳಲಿಲ್ಲ.