ಭರಣಿ ನೋಡಿ ಸಹಿ

ಅಜ್ಜಂಪುರದಲ್ಲಿ ಬ್ಯಾಂಕಿನ ಸಾಲಕ್ಕೆ ಜಾಮೀನು ಬೇಕೆಂದರೆ ಜನ ಮೊದಲು ಹುಡುಕುವುದು ನಮ್ಮ ಕಲ್ಲೇಶಪ್ಪನವರನ್ನು. ಅವರ ಜೇಬಿನಲ್ಲಿ ಸದಾ ಎರಡು ಪೆನ್ನು. ಒಂದು ಕೈಕೊಟ್ಟರೂ ಊರಿನ ವ್ಯವಹಾರ ನಿಲ್ಲಬಾರದಲ್ಲ! ಆದರೆ ಸುಮ್ಮನೆ ಸಹಿ ಹಾಕುವ ಆಸಾಮಿಯಲ್ಲ. ಪಹಣಿ ಗಿಹಣಿ ಯಾವುದನ್ನೂ ಕೇಳದೆ ನೇರ ಸಾಲಗಾರನ ಮನೆಗೆ ಊಟಕ್ಕೆ ಹೋಗಿ, ಹಿತ್ತಿಲಲ್ಲಿ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ, ಉಪ್ಪಿನಕಾಯಿ ಭರಣಿಯ ಮುಚ್ಚಳ ಎತ್ತಿ ನೋಡುತ್ತಾರೆ. "ವರ್ಷಕ್ಕಾಗೋಷ್ಟು ಉಪ್ಪಿನಕಾಯಿ ಹಾಕ್ದೋರು ಊರು ಬಿಟ್ಟು ಓಡೋಗಲ್ಲ ಕಣ್ರೀ" ಎಂಬುದು ಅವರ ಸಿದ್ಧಾಂತ. ಭರಣಿ ತುಂಬಿದ್ದರೆ ಸಹಿ. ಅರ್ಧವಿದ್ದರೆ ಇನ್ನೊಂದು ಊಟ. ಕೊರೊನಾ ವರ್ಷದಲ್ಲಿ, ಸಣ್ಣ ವ್ಯಾಪಾರಿಗಳ ಹೊಸ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲುತ್ತದೆಂದು ಮ್ಯಾನೇಜರು ಹೇಳಿದಾಗ, ಕಲ್ಲೇಶಪ್ಪನವರು ನೌಕರಿ ಹೋದವರಂತೆ ಬ್ಯಾಂಕಿನ ಬೆಂಚಿನ ಮೇಲೆ ಕುಸಿದರು. "ಒಂದ್ ಭರಣೀನೂ ನೋಡ್ದೆ ಇಡೀ ದೇಶಕ್ಕೆ ಜಾಮೀನಾ? ಸರ್ಕಾರಕ್ಕೆ ಹೇಳೋರು ಕೇಳೋರು ಯಾರೂ ಇಲ್ವೇನ್ರೀ?" ಎಂದು ಗದರಿ, ಸರ್ಕಾರದ ಪರವಾಗಿ ತಪಾಸಣೆಯನ್ನು ತಾವೇ ಮುಂದುವರಿಸಿದರು. ಮಾಸ್ಕು ಇಳಿಸುತ್ತಿದ್ದುದು ಭರಣಿ ಮೂಸಲು ಮಾತ್ರ. ಮದುವೆಗಳು ನಿಂತು, ಬಾಡಿಗೆಗೆ ಕೊಡುವ ಶಾಮಿಯಾನಗಳೆಲ್ಲ ಮೂಲೆ ಸೇರಿದ್ದ ಮಲ್ಲಿಕಾಂಬನ ಮನೆಗೂ ಹೋದರು. ಜೊತೆಗೆ ನಾನೂ ಇದ್ದೆ. ಸರ್ಕಾರದ ಜಾಮೀನಿನ ಸಾಲ ಆಗಲೇ ಮಂಜೂರಾಗಿತ್ತು. ಭರಣಿಯನ್ನು ಮಾತ್ರ ತೊಳೆದು ಬೋರಲು ಹಾಕಿದ್ದರು. ಕಲ್ಲೇಶಪ್ಪ ಮಾಸ್ಕು ಏರಿಸಿಕೊಂಡು ಹೊರಬಂದರು. ಮರುದಿನ ತಮ್ಮ ಮನೆಯ ತುಂಬಿದ ಭರಣಿಯನ್ನೇ ಮೊಪೆಡ್ಡಿನಲ್ಲಿ ತಂದು ಆಕೆಯ ಅಡುಗೆಮನೆಯಲ್ಲಿಟ್ಟರು. "ಇದು ಮುಗಿಯೋವರ್ಗೂ ನೀನು ಊರು ಬಿಡಂಗಿಲ್ಲ ಕಣಮ್ಮ" ಎಂದು, ಮುಚ್ಚಳ ಬಿಗಿಮಾಡುತ್ತಾ ತಾವೇ ಸೇರಿಸಿದರು: "ಮುಗಿಯಕ್ಕೆ ನಾನು ಬಿಡಲ್ಲ."